ಹಾಸನದ ಭಾನುವಾರದ ಸೈಕಾಲಜಿ ಕ್ಲಾಸ್: ಆರು ವಾರ ಹೋಗಿ ಬಂದ ಮೇಲೆ

ಬೇಲೂರಿನ ಹತ್ತಿರದ ನಮ್ಮೂರಿಂದ ಆರು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಬಂದೆ. ಬಿ.ಎಂ. ರಸ್ತೆಯ ಕಡೆ ಒಂದು ಟ್ಯೂಷನ್ ಸೆಂಟರಿನಲ್ಲಿ ದೊಡ್ಡವರಿಗೆ ಸೈಕಾಲಜಿಯ ಮೊದಲ ಪಾಠ ಹೇಳಿಕೊಡುತ್ತಾರೆ. ಪೂರ್ತಿ ಕನ್ನಡದಲ್ಲಿ. ಫೀಸು 1,800 ರೂಪಾಯಿ. ಐದು ವಾರ ತುಂಬಾ ಚೆನ್ನಾಗಿತ್ತು, ಒಂದು ವಾರದ ಬಗ್ಗೆ ನನಗೆ ನಿಜವಾಗಿ ಬೇಜಾರಿದೆ.

ನಾನು ಹೋಗಿದ್ದು ಮಗನ ಕಾರಣಕ್ಕೆ. ಅವನಿಗೆ ನಾಲ್ಕು ವರ್ಷ. ಊಟಕ್ಕೆ ಕೂತರೆ ಮೊಬೈಲ್ ಬೇಕು, ಕೊಡದಿದ್ದರೆ ನೆಲಕ್ಕೆ ಬಿದ್ದು ಅಳುತ್ತಿದ್ದ. ಮನೆಯಲ್ಲಿ ಎಲ್ಲರೂ ಅವನು ಹುಟ್ಟಾ ಹಟಮಾರಿ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ನಾನೂ ಹಾಗೇ ನಂಬಿದ್ದೆ.

ಎರಡನೇ ವಾರ ಮೇಡಂ ಪಾವ್ಲೋವ್ ಅನ್ನುವ ರಷ್ಯಾದ ವಿಜ್ಞಾನಿಯ ಪಾಠ ಮಾಡಿದರು. ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆ ಬಗ್ಗೆ ಕೆಲಸ ಮಾಡುತ್ತಿದ್ದವರು, 1904ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಊಟ ಬಾಯಿಗೆ ಬೀಳುವ ಮೊದಲೇ, ಊಟ ಬರುತ್ತದೆ ಅನ್ನುವ ಸೂಚನೆಗೇ ನಾಯಿಗಳು ಜೊಲ್ಲು ಸುರಿಸುವುದನ್ನು ಗಮನಿಸಿದರು. ನಮ್ಮ ಹಸು ಬಕೆಟ್ ಸದ್ದಿಗೇ ಹಾಲು ಇಳಿಸುತ್ತದೆ ಎಂದೆ. ಅದೂ ಇದೇ ಎಂದರು.

ಮುಂದಿನ ವಾರ ಸ್ಕಿನ್ನರ್ ಅನ್ನುವ ಅಮೆರಿಕದ ಸೈಕಾಲಜಿ ವಿಜ್ಞಾನಿಯ ಪಾಠ. ನನ್ನ ಫೀಸಿನ ಬೆಲೆ ಪೂರ್ತಿ ಸಿಕ್ಕಿದ್ದು ಇಲ್ಲೇ. ಒಂದು ಕೆಲಸ ಮಾಡಿದ ಮೇಲೆ ಏನು ಸಿಗುತ್ತದೆ ಅನ್ನುವುದನ್ನು ನೋಡಿ ನಾವು ಅದನ್ನು ಮತ್ತೆ ಮಾಡುತ್ತೇವೆ ಅಥವಾ ಬಿಡುತ್ತೇವೆ. ಮಗ ಅತ್ತ, ಮೊಬೈಲ್ ಸಿಕ್ಕಿತು. ಹಾಗಾಗಿ ಅಳುವುದು ಜಾಸ್ತಿಯಾಯಿತು. ಇಷ್ಟು ನನಗೂ ಹೊಳೆದಿತ್ತು. ಹೊಳೆಯದೇ ಇದ್ದದ್ದು ನನ್ನ ಪಾಲಿನದು: ನಾನು ಮೊಬೈಲ್ ಕೊಟ್ಟ ತಕ್ಷಣ ಅಳು ನಿಲ್ಲುತ್ತದೆ, ನನಗೆ ನೆಮ್ಮದಿ ಸಿಗುತ್ತದೆ, ಆ ನೆಮ್ಮದಿಯೇ ನಾಳೆಯೂ ನನ್ನ ಕೈಯಿಂದ ಮೊಬೈಲ್ ಕೊಡಿಸುತ್ತದೆ. ಹೀಗೆ ಕಿರಿಕಿರಿ ತಪ್ಪುವುದರಿಂದ ಒಂದು ನಡವಳಿಕೆ ಗಟ್ಟಿಯಾಗುವುದಕ್ಕೆ ಋಣಾತ್ಮಕ ಪುನರ್ಬಲನ ಎನ್ನುತ್ತಾರಂತೆ. ಹೆಸರು ಕೇಳಿ ಶಿಕ್ಷೆ ಅಂತ ತಿಳಿಯುವವರೇ ಜಾಸ್ತಿ, ಅದು ಶಿಕ್ಷೆ ಅಲ್ಲ. ಅಂದರೆ ಊಟದ ಹೊತ್ತಲ್ಲಿ ನಾವಿಬ್ಬರೂ ಕಲಿಯುತ್ತಿದ್ದೆವು, ಅವನು ಅಳುವುದನ್ನು, ನಾನು ಸೋಲುವುದನ್ನು.

ನಿಲ್ಲಿಸುವುದು ಹೇಗೆ ಅಂತಲೂ ಕೇಳಿದೆ. ಕೊಡುವುದನ್ನು ನಿಲ್ಲಿಸಿದರೆ ಅಳು ತಕ್ಷಣ ಕಡಿಮೆಯಾಗುವುದಿಲ್ಲ, ಆರುವ ದೀಪದ ಹಾಗೆ ಮೊದಲು ಇನ್ನೂ ಜೋರಾಗಬಹುದು, ಆಗ ಸೋತು ಕೊಟ್ಟರೆ ಇಷ್ಟು ಜೋರಾಗಿ ಅತ್ತರೆ ಸಿಗುತ್ತದೆ ಅನ್ನುವ ಪಾಠ ಆಗುತ್ತದೆ ಎಂದರು. ಅಪರೂಪಕ್ಕೊಮ್ಮೆ ಕೊಟ್ಟರೂ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಅಳದೇ ತಿಂದಾಗ ಪಕ್ಕದಲ್ಲಿ ಕೂತು ಮಾತಾಡಿಸಿ ಅಂದರು. ನಾಲ್ಕು ದಿನ ಬಹಳ ಕಷ್ಟವಾಯಿತು. ಅತ್ತೆಯವರಿಗೂ ಇದನ್ನೆಲ್ಲ ಕೂರಿಸಿ ಹೇಳಬೇಕಾಯಿತು. ಎಂಟನೇ ದಿನ ಅವನು ಮೊಬೈಲ್ ಕೇಳದೇ ಒಂದು ಅಕ್ಕಿ ರೊಟ್ಟಿ ಪೂರ್ತಿ ತಿಂದ. ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು ಇಷ್ಟವಾದದ್ದು ಪಾಠ ಶುರು ಮಾಡುವ ರೀತಿ. ಪ್ರತಿ ವಾರ ಬಿಳಿ ಹಾಳೆ ಕೊಟ್ಟು ಹೋದ ವಾರದ್ದು ನೆನಪಿದ್ದಷ್ಟು ಬರೆಯಿರಿ ಅನ್ನುತ್ತಿದ್ದರು. ಎಬ್ಬಿಂಗ್‌ಹಾಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ತಮ್ಮದೇ ಮರೆವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದೇ ಗಂಟೆಯಲ್ಲಿ ಕಲಿತದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪು ಮಾಡಿಕೊಳ್ಳುವುದು ಹೆಚ್ಚು ನಿಲ್ಲುತ್ತದೆ. ಪಿಯುಸಿ ಮಕ್ಕಳಿರುವ ಮನೆಯವರು ಇದೊಂದನ್ನಾದರೂ ಮಾಡಿ ನೋಡಿ.

ನೆನಪಿನ ಬಗ್ಗೆ ಇನ್ನೊಂದು ಪಾಠ. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಅನ್ನುವ ಇಬ್ಬರು ಸಂಶೋಧಕರು ಕಾರು ಅಪಘಾತದ ಫಿಲ್ಮ್ ತೋರಿಸಿ ವೇಗ ಕೇಳಿದರು. ಜಜ್ಜಿಹೋಗುವಂತೆ ಗುದ್ದಿದಾಗ ಎಷ್ಟಿತ್ತು ಎಂದು ಕೇಳಿದವರಿಗೆ ಗಂಟೆಗೆ ಸುಮಾರು 41 ಮೈಲಿ, ತಾಗಿದಾಗ ಎಂದು ಕೇಳಿದವರಿಗೆ ಸುಮಾರು 32 ಮೈಲಿ ಅನ್ನುವ ಉತ್ತರ ಬಂತು. ನೋಡಿದ್ದು ಒಂದೇ, ಕೇಳಿದ ಮಾತು ಬೇರೆ. ಮನೆ ಜಗಳದಲ್ಲಿ ಯಾರು ಏನಂದರು ಅನ್ನುವ ವಾದ ನೆನಪಾಯಿತು ನನಗೆ.

ನಮ್ಮ ಕಡೆಯ ವಿಷಯವೂ ಬಂತು, ಖುಷಿಯಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಸೈಕಾಲಜಿ ವಿಭಾಗ ಶುರುವಾಗಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ರೇಡಿಯೋ ಶುರು ಮಾಡಿದವರು.

ಬೇಜಾರಿನದ್ದು ಐದನೇ ವಾರ. ಮೇಡಂ ಬರಲಿಲ್ಲ, ಸೆಂಟರಿನವರು ಬೇರೆ ಯಾರನ್ನೋ ಕರೆಸಿದ್ದರು. ಮಕ್ಕಳ ಬೆರಳಚ್ಚು ತೆಗೆದು ಅವರ ಬುದ್ಧಿ ಯಾವ ಕಡೆ, ಮುಂದೆ ಏನು ಓದಬೇಕು ಎಂದು ಹೇಳುವ ಪರೀಕ್ಷೆಗೆ ಬೇರೆಯಾಗಿ 3,000 ರೂಪಾಯಿ ಕೇಳಿದರು. ಇದಕ್ಕೆ ವಿಜ್ಞಾನದ ಆಧಾರ ಇಲ್ಲ. ಬೆರಳಿನ ಗೆರೆ ಹುಟ್ಟುವ ಮೊದಲೇ ಮೂಡಿ ನಿಂತುಬಿಡುತ್ತದೆ, ಮಗು ಕಲಿಯುತ್ತಾ ಹೋಗುತ್ತದೆ ಅಲ್ವಾ? ಮೂರು ವಾರ ಅದನ್ನೇ ಹೇಳಿಕೊಟ್ಟ ಜಾಗದಲ್ಲಿ ಇದನ್ನು ಮಾರಿದ್ದು ತಪ್ಪು. ಕೂಲಿ ದುಡ್ಡಿನಲ್ಲಿ ಫೀಸು ಕಟ್ಟಿದ್ದ ಒಬ್ಬರು ಅದಕ್ಕೂ ಕೊಟ್ಟುಬಿಟ್ಟರು. ಆ ದಿನ ನಾನು ಬಾಯಿಬಿಟ್ಟು ಹೇಳಬೇಕಿತ್ತು, ಸುಮ್ನೆ ಕೂತೆ.

ಕೊನೆಯ ವಾರ ಮೇಡಂ ಬಂದಾಗ ಒಬ್ಬರು ತಮ್ಮ ತಂಗಿ ತಿಂಗಳಿಂದ ನಿದ್ದೆ ಮಾಡುತ್ತಿಲ್ಲ, ಯಾರ ಹತ್ತಿರವೂ ಮಾತಿಲ್ಲ ಎಂದರು. ನಾನು ಪಾಠ ಮಾಡುವವಳು, ಚಿಕಿತ್ಸೆ ಕೊಡುವವಳಲ್ಲ ಎಂದು ಮೇಡಂ ಸ್ಪಷ್ಟವಾಗಿ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬೋರ್ಡ್ ಮೇಲೆ ಬರೆದರು. ಅದಕ್ಕೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಬ್ಯಾಚಿಗೆ ನಾದಿನಿಯ ಹೆಸರು ಬರೆಸಿದ್ದೇನೆ. ಬೆರಳಚ್ಚಿಗೆ ದುಡ್ಡು ಕೊಡಬೇಡ ಎಂದೂ ಹೇಳಿದ್ದೇನೆ.