ಹಸಿರು ಬಣ್ಣ ನೋಡಿ ಹಳೇ ಲೇತ್ ತರಬೇಡಿ. ತಂದರೂ ಮೊದಲು ಟೇಲ್‌ಸ್ಟಾಕ್ ಮುಟ್ಟಬೇಡಿ

ಕಲಬುರಗಿಯ ಕಪನೂರಿನಲ್ಲಿ ಒಂದು ವರ್ಕ್‌ಶಾಪಿಗೆ ಬಂದ ಆರಡಿ ಲೇತಿನ (ಲೋಹದ ತುಂಡು ತಿರುಗಿಸಿ ಕೊರೆಯುವ ಮಷೀನು) ಪಾಡು ಇದು. ಹಳೇ ಬೆಲ್ಟ್ ಮಷೀನು, ಮೇಲೆ ಹೊಸ ಹಸಿರು ಬಣ್ಣ, ಫಳಫಳ ಹೊಳೆಯುವ ಬೆಡ್ (ಭಾಗಗಳು ಜಾರುವ ಉದ್ದ ಹಳಿ). “ಅವಾಜೇ ಇಲ್ಲ ನೋಡ್ರಿ” ಎಂದು ಮಾರುವವರು ಖಾಲಿ ಓಡಿಸಿ ತೋರಿಸಿದರು. ಖಾಲಿ ಓಡಿದರೆ ಸವೆದ ಲೇತೂ ಸುಮ್ಮನೆ ಓಡುತ್ತದೆ. ಹೊಳಪು ಎಮರಿ ಪೇಪರಿನದು. ಓರೆ ಬೆಳಕಿನಲ್ಲಿ ನೋಡಿದ್ದರೆ ಉದ್ದುದ್ದ ಗೀರು ಕಾಣುತ್ತಿದ್ದವು.

ಎರಡು ನಿಮಿಷದ ಪರೀಕ್ಷೆ ಸಾಕಿತ್ತು. ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್ಲನ್ನು ಚಕ್ (ತುಂಡನ್ನು ಹಿಡಿದು ತಿರುಗಿಸುವ ದವಡೆ) ಬಳಿ ತಂದು, ಲಾಕ್ ಬೋಲ್ಟನ್ನು ತುಸುವೇ ಬಿಗಿದು, ಹ್ಯಾಂಡ್ ವೀಲಿನಿಂದ ಬಲಗಡೆಗೆ ಒಯ್ಯಿರಿ. ಹೋಗುತ್ತ ಜಾಮ್ ಆದರೆ ಚಕ್ ಬಳಿ ಬೆಡ್ ಸವೆದಿದೆ ಎಂದರ್ಥ. ಕೆಲಸವೆಲ್ಲ ನಡೆಯುವುದು ಅಲ್ಲೇ, ಸವೆತವೂ ಅಲ್ಲೇ. ಗಿಬ್ (ಸಡಿಲ ತೆಗೆಯಲು ಬಿಗಿಯುವ ಪಟ್ಟಿ) ಬಿಗಿದು ಚಕ್ ಬಳಿಯ ಅಲುಗಾಟ ತೆಗೆದರೆ ಸ್ಯಾಡಲ್ ಬಲತುದಿಯಲ್ಲಿ ಹಿಡಿದುಕೊಳ್ಳುತ್ತದೆ.

ಮೊದಲ ದಿನ ಆದದ್ದು ಇನ್ನೂ ಕೆಟ್ಟದ್ದು. ತ್ರೀ ಫೇಸ್ ಮೋಟರಿಗೆ ಎರಡು ವೈರು ಅದಲುಬದಲಾಗಿದ್ದವು, ಚಕ್ ತಿರುಗಿಸುವ ಸ್ಪಿಂಡಲ್ ಉಲ್ಟಾ ತಿರುಗಿತು. ಇಂಥ ಹಳೇ ಲೇತಿನಲ್ಲಿ ಚಕ್ ಕೂರುವುದು ಬರೀ ಮರೆಯ (ಥ್ರೆಡ್) ಮೇಲೆ; ಉಲ್ಟಾ ಜೋರಾಗಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಎಂಟು ಇಂಚಿನ ಚಕ್ ಬೆಡ್ ಮೇಲೆ ಬಿದ್ದು ಅಂಚು ಚಕ್ಕೆ ಎದ್ದಿತು. ಕಾಲ ಮೇಲೆ ಬೀಳಲಿಲ್ಲ, ಅಷ್ಟೇ ಪುಣ್ಯ. ಚಕ್ ಹಾಕುವ ಮುಂಚೆ ಸ್ವಿಚ್ ಒತ್ತಿ ನೋಡಿ: ಎದುರು ನಿಂತವರ ಕಡೆಗೆ ಸ್ಪಿಂಡಲಿನ ಮೇಲ್ಭಾಗ ಬರಬೇಕು. ಮೀಟರ್ ಬದಲಿಸಿದಾಗ, ಹೊರಗೆ ಲೈನ್ ಕೆಲಸ ಆದಾಗ ಮತ್ತೆ ನೋಡಿ.

ಆಮೇಲೆ ಟೇಪರ್, ಅಂದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಬೇಳೆ ಮಿಲ್ಲಿನ ಶಾಫ್ಟ್, 300 ಎಂಎಂ ಉದ್ದಕ್ಕೆ 0.12 ಎಂಎಂ ವ್ಯತ್ಯಾಸ. ಪುಲ್ಲಿ ಒಂದು ತುದಿಗೆ ಸಡಿಲ, ಇನ್ನೊಂದಕ್ಕೆ ಏರುವುದೇ ಇಲ್ಲ. ಹೊಸ ಟರ್ನರ್ ಬಲತುದಿಯ ಆಸರೆಯಾದ ಟೇಲ್‌ಸ್ಟಾಕ್ ಸರಿಸಿ ಆ ಶಾಫ್ಟನ್ನು ನೇರ ಮಾಡಿದ. ಮರುದಿನ ಚಕ್‌ನಲ್ಲಷ್ಟೇ ಹಿಡಿದ ಗಿಡ್ಡ ಜಾಬೂ ಟೇಪರ್ ಬಂತು, ಟೇಲ್‌ಸ್ಟಾಕಿನಿಂದ ಹಾಕಿದ ಡ್ರಿಲ್ ಸೆಂಟರ್ ಬಿಟ್ಟು ತೂತು ದೊಡ್ಡದು ಮಾಡಿತು. ಒಂದು ತಪ್ಪಿನ ಮೇಲೆ ಇನ್ನೊಂದು ಕೂತಿತ್ತು. ಮೂಲ ತಪ್ಪು ನೆಲದಲ್ಲಿತ್ತು: ಏರುಪೇರು ಕಾಂಕ್ರೀಟಿನ ಮೇಲಿಟ್ಟು ಫೌಂಡೇಶನ್ ಬೋಲ್ಟ್ ಬಲವಾಗಿ ಎಳೆದಿದ್ದರಿಂದ ಬೆಡ್ ತಿರುಚಿಕೊಂಡಿತ್ತು.

ಬೋಲ್ಟ್ ಸಡಿಲಿಸಿ, ಮೀಟರಿಗೆ 0.02 ಎಂಎಂ ಏರಿಳಿತವನ್ನೂ ತೋರಿಸುವ ಲೆವೆಲನ್ನು ಬೆಡ್ಡಿಗೆ ಅಡ್ಡ ಇಟ್ಟು, ಎರಡೂ ತುದಿಯಲ್ಲಿ ಗುಳ್ಳೆ ಒಂದೇ ಕಡೆ ನಿಲ್ಲುವವರೆಗೆ ಪಾದದಡಿ ತಗಡು ಹಾಕಿ. ಕಾರ್ಪೆಂಟರ್ ಲೆವೆಲ್ ಇದಕ್ಕೆ ಆಗದು. ನಂತರ 40 ಎಂಎಂ ರಾಡು ಚಕ್‌ನಲ್ಲಿ ಹಿಡಿದು 150 ಎಂಎಂ ಹೊರಗೆ ಬಿಡಿ, ಟೇಲ್‌ಸ್ಟಾಕ್ ಆಸರೆ ಬೇಡ. ನಡುವೆ ಕಟ್ ಕೊಟ್ಟು ಇಳಿಸಿ, 100 ಎಂಎಂ ಅಂತರದಲ್ಲಿ ಎರಡು ಕಾಲರ್ (ದಪ್ಪ ಪಟ್ಟಿ) ಉಳಿಸಿ, ಟೂಲ್ ಕದಲಿಸದೆ ಎರಡಕ್ಕೂ ಒಂದೇ ತೆಳು ಕಟ್ ಕೊಡಿ. ಮೈಕ್ರೋಮೀಟರಿನಲ್ಲಿ ಹೊರಗಿನ ಕಾಲರ್ ದಪ್ಪ ಕಂಡರೆ ಟೇಲ್‌ಸ್ಟಾಕ್ ತುದಿಯ ಮುಂದಿನ ಪಾದ ಏರಿಸಿ. ಸಣ್ಣ ಕಂಡರೆ ಹಿಂದಿನದು. ಒಂದು ಬಾರಿಗೆ ತೆಳು ತಗಡು ಒಂದೇ, ಪ್ರತಿ ಸಲವೂ ಹೊಸ ಕಟ್.

ಎರಡು ಕಾಲರ್ ಸಮ ಬಂದ ಮೇಲೆ ಮಾತ್ರ ಎರಡೂ ತುದಿಯ ಮೊನೆ ಸೆಂಟರುಗಳ ನಡುವೆ ಉದ್ದ ರಾಡು ಹಾಕಿ ಟೇಲ್‌ಸ್ಟಾಕ್ ಸರಿಸಿ. ಬೋಲ್ಟ್ ಬಿಗಿದು ಎಂಟು ದಿನ ಆದ ಮೇಲೆ ಲೆವೆಲ್ ಇನ್ನೊಮ್ಮೆ ಇಡಿ.