ಇಪ್ಪತ್ತನಾಲ್ಕರಲ್ಲೂ ಏಳರ ಹುಡುಗ: ‘ದಿ ಕಿಂಗ್ ಆಫ್ ಸ್ಟ್ಯಾಟನ್ ಐಲ್ಯಾಂಡ್’

ಹೆದ್ದಾರಿಯಲ್ಲಿ ಕಾರು ಓಡಿಸುತ್ತಿರುವ ಯುವಕನೊಬ್ಬ ಇದ್ದಕ್ಕಿದ್ದಂತೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ತೂಕಡಿಕೆಯಿಂದಲ್ಲ, ಬೇಕೆಂದೇ. ಕಣ್ಣು ತೆರೆಯುವ ಹೊತ್ತಿಗೆ ಮುಂದಿನ ವಾಹನಗಳು ಮೈಮೇಲೆ ಬಂದಂತಿರುತ್ತವೆ. ಕೂದಲೆಳೆಯಲ್ಲಿ ಪಾರಾದ ಅವನು, ಕೇಳಿಸಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲದ ಕಾರಿನೊಳಗೆ ‘ಸಾರಿ, ಸಾರಿ’ ಎಂದು ಒಂದೇ ಸಮನೆ ಹೇಳಿಕೊಳ್ಳುತ್ತಾನೆ. ಜಡ್ ಆಪಟೌ ನಿರ್ದೇಶನದ, 2020ರಲ್ಲಿ ತೆರೆಕಂಡ ಈ ಚಿತ್ರ ಆರಂಭವಾಗುವುದು ಹೀಗೆ. ಮುಂದೆ ಎರಡು ಗಂಟೆಗೂ ಹೆಚ್ಚು ಕಾಲ ನಾವು ನಗುವುದೆಲ್ಲ ಈ ದೃಶ್ಯವನ್ನು ಬೆನ್ನಿಗಿಟ್ಟುಕೊಂಡೇ.

ನ್ಯೂಯಾರ್ಕ್ ನಗರಕ್ಕೇ ಸೇರಿದ ಸ್ಟ್ಯಾಟನ್ ಐಲ್ಯಾಂಡ್ ಎಂಬ ದ್ವೀಪದಲ್ಲಿರುವ ನಾಯಕ ಸ್ಕಾಟ್‌ಗೆ 24 ವರ್ಷ. ಶಾಲೆ ಅರ್ಧಕ್ಕೇ ನಿಂತಿದೆ, ಉದ್ಯೋಗವಿಲ್ಲ, ಹಗಲೆಲ್ಲ ಗೆಳೆಯರೊಡನೆ ಬೇಸ್‌ಮೆಂಟಿನಲ್ಲಿ ಗಾಂಜಾ ಸೇದುತ್ತಾ ಕೂರುತ್ತಾನೆ. ಹಚ್ಚೆ ಹಾಕುತ್ತಲೇ ಊಟವನ್ನೂ ಬಡಿಸುವ ಹೋಟೆಲು ತೆರೆಯಬೇಕೆಂಬುದು ಅವನ ಮಹದಾಸೆ. ಆದರೆ ಅವನ ಸೂಜಿಗೆ ಮೈಯೊಡ್ಡಿದ ಗೆಳೆಯರ ಚರ್ಮವನ್ನು ನೋಡಿದರೆ ಆ ಹೋಟೆಲಿಗೆ ಯಾರೂ ಕಾಲಿಡುವುದಿಲ್ಲವೆಂಬುದು ಸ್ಪಷ್ಟ. ಅಗ್ನಿಶಾಮಕ ದಳದಲ್ಲಿದ್ದ ಅಪ್ಪ, ಹೋಟೆಲೊಂದಕ್ಕೆ ಬಿದ್ದ ಬೆಂಕಿಯಲ್ಲಿ ತೀರಿಕೊಂಡಾಗ ಅವನಿಗೆ ಏಳು ವರ್ಷ. ನರ್ಸ್ ಆಗಿರುವ ಅಮ್ಮ ಮಾರ್ಜಿ ಅಂದಿನಿಂದ ಮನೆಯನ್ನು ಒಬ್ಬಳೇ ನಡೆಸಿದ್ದಾಳೆ. ತಂಗಿ ಕ್ಲೇರ್ ಕಾಲೇಜಿಗೆಂದು ಮನೆ ಬಿಟ್ಟು ಹೊರಡುತ್ತಾಳೆ. ಹದಿನೇಳು ವರ್ಷಗಳ ನಂತರ ಅಮ್ಮನಿಗೆ ಒಬ್ಬ ಗೆಳೆಯ ಸಿಗುತ್ತಾನೆ; ಆ ರೇ ಕೂಡ ಅಗ್ನಿಶಾಮಕನೇ ಆಗಿರುವುದು ಸ್ಕಾಟ್‌ನ ಗ್ರಹಚಾರ.

ನಮ್ಮ ಕಡೆ ಅಪ್ಪ ಹೋದ ಮನೆಯ ಹುಡುಗನಿಗೆ ತಿಥಿಯೂಟ ಮುಗಿಯುವುದರೊಳಗೇ ‘ಇನ್ನು ಈ ಮನೆಗೆ ನೀನೇ ದಿಕ್ಕು’ ಎಂದು ಯಾರಾದರೊಬ್ಬ ಹಿರಿಯರು ಹೇಳಿಬಿಡುತ್ತಾರೆ, ಮೀಸೆ ಚಿಗುರುವ ಮೊದಲೇ ಅವನು ಯಜಮಾನನಾಗಿಬಿಡುತ್ತಾನೆ. ಸ್ಕಾಟ್‌ಗೆ ಆದದ್ದು ಅದರ ತಿರುವುಮುರುವು: ಅಪ್ಪ ಹೋದ ದಿನಕ್ಕೇ ಅವನ ಗಡಿಯಾರ ನಿಂತುಹೋಯಿತು, ಮನೆಯವರೂ ಅದಕ್ಕೆ ಕೀಲಿ ಕೊಡುವ ಗೋಜಿಗೆ ಹೋಗಲಿಲ್ಲ. ಅವನ ಸೋಮಾರಿತನವನ್ನು ಚಿತ್ರ ಮನ್ನಿಸುವುದೂ ಇಲ್ಲ, ಬೈಯುವುದೂ ಇಲ್ಲ; ಅತ್ತು ಮುಗಿಸದ ಅಳುವೇ ಈ ರೂಪ ತಾಳಿದೆ ಎಂಬುದನ್ನು ತೋರಿಸಿ ಸುಮ್ಮನಾಗುತ್ತದೆ.

ಸ್ಕಾಟ್ ಪಾತ್ರಧಾರಿ ಪೀಟ್ ಡೇವಿಡ್ಸನ್ ಚಿತ್ರಕಥೆಯ ಮೂವರು ಲೇಖಕರಲ್ಲಿ ಒಬ್ಬ. ಅವನ ಸ್ವಂತ ತಂದೆ ನ್ಯೂಯಾರ್ಕ್ ಅಗ್ನಿಶಾಮಕ ದಳದಲ್ಲಿದ್ದು, 2001ರ ಸೆಪ್ಟೆಂಬರ್ 11ರಂದು ಅಲ್ಲಿನ ಅವಳಿ ಗೋಪುರಗಳ ಮೇಲೆ ನಡೆದ ಉಗ್ರರ ದಾಳಿಯಲ್ಲಿ ಮಡಿದವರು. ಆಗ ಪೀಟ್‌ಗೆ ಏಳು ವರ್ಷ. ಆದರೂ ಚಿತ್ರದಲ್ಲಿ ಅವಳಿ ಗೋಪುರಗಳಿಲ್ಲ, ಇರುವುದು ಒಂದು ಹೋಟೆಲಿನ ಬೆಂಕಿ ಮಾತ್ರ. ಇದು ಈ ಚಿತ್ರದ ಅತ್ಯಂತ ವಿವೇಕದ ನಿರ್ಧಾರವೆಂದು ನನಗನ್ನಿಸುತ್ತದೆ. ಆ ದಿನಾಂಕವನ್ನು ಒಳಗೆ ತಂದಿದ್ದರೆ ಇದು ಒಂದು ದೇಶದ ದುಃಖವಾಗಿ, ಬಾವುಟ ಹೊದ್ದ ಕಥೆಯಾಗಿ ಹೋಗುತ್ತಿತ್ತು. ಈಗ ಒಂದು ಮನೆಯ ದುಃಖವಾಗಿಯೇ ಉಳಿದಿದೆ.

ರೇ ಪ್ರವೇಶವಾಗುವ ರೀತಿಯೇ ಸೊಗಸು. ಒಂಬತ್ತು ವರ್ಷದ ಹುಡುಗನೊಬ್ಬ ಧೈರ್ಯವಾಗಿ ತೋಳು ಮುಂದೆ ಮಾಡಿದನೆಂದು ಸ್ಕಾಟ್ ಅವನಿಗೆ ಹಚ್ಚೆ ಹಾಕಲು ಕೂರುತ್ತಾನೆ. ಸೂಜಿ ತಾಗಿದ್ದೇ ತಡ ಹುಡುಗ ಚೀರಿ ಓಡುತ್ತಾನೆ. ತೋಳಿನ ಮೇಲೆ ಒಂದು ಗೀಟು ಉಳಿಯುತ್ತದೆ. ಆ ಗೀಟನ್ನು ತೋರಿಸುತ್ತಾ ಬಾಗಿಲಿಗೆ ಬಂದು ಕೂಗಾಡುವ ತಂದೆಯೇ ರೇ. ಬಿಲ್ ಬರ್ ಈ ಪಾತ್ರದ ಸಿಡುಕನ್ನೂ ಅದರಡಿಯ ಮೆದುತನವನ್ನೂ ಒಂದೇ ಮುಖದಲ್ಲಿ ಹಿಡಿದಿದ್ದಾರೆ. ಮಾರಿಸಾ ಟೊಮೆ ಅವರ ಮಾರ್ಜಿ ಚಿತ್ರದ ಬೆನ್ನೆಲುಬು. ಜಗಳವಾಡಿ ಕೈಕೈ ಮಿಲಾಯಿಸಿದ ಮಗನನ್ನೂ ಗೆಳೆಯನನ್ನೂ ಒಟ್ಟಿಗೇ ಹೊರದಬ್ಬುವಾಗ ಅವಳ ದನಿಯಲ್ಲಿರುವುದು ಕೋಪಕ್ಕಿಂತ ಹೆಚ್ಚಾಗಿ ಹದಿನೇಳು ವರ್ಷಗಳ ಸುಸ್ತು.

ಬೇರೆ ದಿಕ್ಕಿಲ್ಲದೆ ಸ್ಕಾಟ್ ಹೋಗಿ ಸೇರುವುದು ಅಗ್ನಿಶಾಮಕ ಠಾಣೆಯನ್ನೇ. ಅಲ್ಲಿ ನೆಲ ಒರೆಸಿ, ಪಾತ್ರೆ ತೊಳೆದು ದಿನ ದೂಡುವಾಗ, ಅವನಪ್ಪನೊಡನೆ ಕೆಲಸ ಮಾಡಿದ ಹಿರಿಯರು ಅಪ್ಪನ ನಿಜವಾದ ಕಥೆಗಳನ್ನು ಹೇಳುತ್ತಾರೆ: ಧೀರನೇನೋ ಹೌದು, ಆದರೆ ಪುಂಡ, ಮಾದಕ ವಸ್ತುಗಳ ಸಹವಾಸವೂ ಇದ್ದವನು. ಮಾಲೆ ಹಾಕಿದ ಪಟವನ್ನಷ್ಟೇ ನೋಡುತ್ತಾ ಬೆಳೆದ ಮಗನ ಮುಖದಲ್ಲಿ ಆಗ ಮೂಡುವ ನಗುವಿಗಾಗಿಯೇ ಚಿತ್ರವನ್ನು ಇನ್ನೊಮ್ಮೆ ನೋಡಬಹುದು. ಈ ಹಿರಿಯರ ನಡುವೆ ಕುಳಿತಿರುವ ಸ್ಟೀವ್ ಬುಸ್ಸೆಮಿ 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ನಿಜಕ್ಕೂ ಅಗ್ನಿಶಾಮಕರಾಗಿದ್ದವರು; 2001ರ ದುರಂತದ ನಂತರ ತಮ್ಮ ಹಳೆಯ ತಂಡದೊಡನೆ ಅವಶೇಷ ತೆಗೆಯಲು ಮರಳಿದ್ದವರು. ಅವರ ಮಾತಿನಲ್ಲಿ ನಟನೆಯ ಲವಲೇಶವೂ ಕಾಣದಿರುವುದಕ್ಕೆ ಅದೂ ಕಾರಣವಿದ್ದೀತು.

ದೋಷಗಳು ಇಲ್ಲವೆಂದಲ್ಲ. 137 ನಿಮಿಷಗಳ ಈ ಚಿತ್ರದಲ್ಲಿ ಕನಿಷ್ಠ ಇಪ್ಪತ್ತು ನಿಮಿಷಗಳಿಗೆ ಕತ್ತರಿ ಬೀಳಬೇಕಿತ್ತು. ಗೆಳೆಯರು ಔಷಧಿ ಅಂಗಡಿಗೆ ಕನ್ನ ಹಾಕುವ ಪ್ರಸಂಗ ಬೇರಾವುದೋ ಚಿತ್ರದಿಂದ ತಪ್ಪಿಸಿಕೊಂಡು ಬಂದಂತಿದೆ. ಬೆಲ್ ಪೌಲಿ ಅಭಿನಯಿಸಿದ, ಸ್ಕಾಟ್‌ನ ಗೆಳತಿ ಕೆಲ್ಸಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು. ಸರ್ಕಾರಿ ನೌಕರಿ ಹಿಡಿದು, ಎಲ್ಲರೂ ಬಿಟ್ಟುಹೋಗಲು ಹವಣಿಸುವ ತನ್ನ ದ್ವೀಪವನ್ನು ಸುಧಾರಿಸಬೇಕೆನ್ನುವ ಈ ಹುಡುಗಿ ನಾಯಕನಿಗಿಂತ ಕುತೂಹಲಕಾರಿ ವ್ಯಕ್ತಿ. ಆದರೆ ರೇ ತನ್ನ ಬೆನ್ನನ್ನೇ ಸ್ಕಾಟ್‌ನ ಹಚ್ಚೆಯ ಅಭ್ಯಾಸಕ್ಕೆ ಒಡ್ಡುವ ಪ್ರಸಂಗ ಈ ಎಲ್ಲ ಕೊರತೆಗಳನ್ನು ಮರೆಸುವಷ್ಟು ಚೆನ್ನಾಗಿದೆ. ಕ್ಷಮೆ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ.

ಕೊನೆಯಲ್ಲಿ ಸ್ಕಾಟ್ ಅಗ್ನಿಶಾಮಕನಾಗುವುದಿಲ್ಲ, ಹೋಟೆಲೂ ತೆರೆಯುವುದಿಲ್ಲ. ಪರೀಕ್ಷೆ ಬರೆಯಲಿರುವ ಕೆಲ್ಸಿಯ ಜೊತೆ ಹಡಗಿನಲ್ಲಿ ನಗರದ ಕೇಂದ್ರವಾದ ಮ್ಯಾನ್‌ಹಟನ್‌ಗೆ ಹೋಗಿ, ಅವಳನ್ನು ಒಳಗೆ ಕಳಿಸಿ, ಬೀದಿಯಲ್ಲಿ ನಿಂತು ತಲೆಯೆತ್ತಿ ಸುತ್ತಲೂ ನೋಡುತ್ತಾನೆ, ಅಷ್ಟೇ. ಸ್ಟ್ಯಾಟನ್ ಐಲ್ಯಾಂಡಿನಿಂದ ಅಲ್ಲಿಗೆ ಹೋಗುವ ಆ ಹಡಗಿಗೆ ಟಿಕೆಟ್ಟೇ ಇಲ್ಲ, ಪ್ರಯಾಣ ಉಚಿತ. ಅವನು ಇಷ್ಟು ವರ್ಷ ಎಷ್ಟು ಸಮೀಪದಲ್ಲಿದ್ದೂ ದಾಟದೆ ಉಳಿದಿದ್ದ ಎಂಬುದು ಇದನ್ನು ಬಲ್ಲವರಿಗೆ ಹೊಳೆಯುತ್ತದೆ. ಮಾತು ಮಾತಿಗೂ ಬೈಗುಳ, ದೃಶ್ಯ ದೃಶ್ಯಕ್ಕೂ ಗಾಂಜಾ ಇರುವುದರಿಂದ ಮನೆಯ ಹಿರಿಯರನ್ನೂ ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ನೋಡುವುದು ಕಷ್ಟ. ಆ ದ್ವೀಪದವರ ಉಚ್ಚಾರಣೆಯ ವೇಗಕ್ಕೆ ಸಬ್‌ಟೈಟಲ್ ಹಾಕಿಕೊಳ್ಳುವುದು ಒಳ್ಳೆಯದು.