‘ನಮ್ಮ ನೀರಿಗೆ ಒಗ್ಗಿಸಿದ’ ವೈಲ್ಡ್ ಬೆಟ್ಟಾ: ಕೊಳ್ಳುವ ಮುನ್ನ ಚೀಲದ ನೀರಿನ ಲೆಕ್ಕ ಕೇಳಿ

ಅಕ್ವೇರಿಯಂ ಹವ್ಯಾಸದವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಈಚೆಗೆ ಒಂದು ಥರದ ಜಾಹೀರಾತು ಪದೇ ಪದೇ ಬರುತ್ತಿದೆ. “ವೈಲ್ಡ್ ಬೆಟ್ಟಾ ಜೋಡಿ, ಕಾಡಿನಲ್ಲೇ ಹಿಡಿದದ್ದು, ನಮ್ಮ ನೀರಿಗೆ ಒಗ್ಗಿಸಿದ್ದು, ಅಲೈವ್ ಅರೈವಲ್ ಗ್ಯಾರಂಟಿ.” ಬೆಟ್ಟಾ ಅಂದರೆ ಫೈಟರ್ ಮೀನಿನ ಕುಲ, ಅಲೈವ್ ಅರೈವಲ್ ಅಂದರೆ ಮೀನು ಜೀವಂತವಾಗಿ ಕೈಸೇರುತ್ತದೆ ಅನ್ನುವ ಭರವಸೆ. ಈ ನಾಲ್ಕೂ ಮಾತು ಒಂದೇ ಜಾಹೀರಾತಿನಲ್ಲಿ ಕಂಡರೆ ದಯವಿಟ್ಟು ದುಡ್ಡು ಕಳಿಸಬೇಡಿ. ನನಗೆ ಜೋಡಿಗೆ 3,500 ರೂಪಾಯಿ, ಮೇಲೆ ಕೊರಿಯರ್ ಖರ್ಚು ಹೋಯಿತು. ಅದು ಹೋಗಲಿ, ಎರಡು ಮೀನು ಕಣ್ಣೆದುರೇ ಸತ್ತವು. ಮಾರಿದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಇದೇ ದಾರಿಯಲ್ಲಿ ವ್ಯಾಪಾರ ಮಾಡುವವರು ಅವರೊಬ್ಬರೇ ಅಲ್ಲ. ಹಾಗಾಗಿ ಯಾರು ಮಾರಿದರು ಅನ್ನುವುದನ್ನು ಬಿಟ್ಟು, ಹೇಗೆ ಮಾರುತ್ತಾರೆ ಅನ್ನುವುದನ್ನು ಬರೆಯುತ್ತೇನೆ.

ಅಂಗಡಿಯಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಇಟ್ಟಿರುವ ಫೈಟರ್ ಎಲ್ಲರೂ ನೋಡಿರುವ ಮೀನು. ಅದು ಬೆಟ್ಟಾ ಸ್ಪ್ಲೆಂಡೆನ್ಸ್. ಥಾಯ್ಲೆಂಡ್ 2019ರಲ್ಲಿ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಎಷ್ಟೋ ತಲೆಮಾರಿನಿಂದ ಜನರ ಕೈಯಲ್ಲೇ ಬೆಳೆದು ಬಂದದ್ದರಿಂದ ಬೆಂಗಳೂರಿನ ಬೋರ್‌ವೆಲ್ ನೀರಿಗೂ ಅದು ಹೊಂದಿಕೊಳ್ಳುತ್ತದೆ. ಆದರೆ ಬೆಟ್ಟಾ ಕುಲದಲ್ಲಿ ಎಪ್ಪತ್ತಕ್ಕೂ ಹೆಚ್ಚು ಜಾತಿಗಳಿವೆ, ಒಂದೊಂದರ ನೀರೂ ಬೇರೆ. ನಾನು ತರಿಸಿದ್ದು ಬೆಟ್ಟಾ ಕೊಕ್ಸಿನಾ. ಅದರ ಹತ್ತಿರದ ಸಂಬಂಧಿಗಳೆಲ್ಲ ಸೇರಿ ಒಂದು ಗುಂಪು: ಮೂರು-ನಾಲ್ಕು ಸೆಂಟಿಮೀಟರ್ ಉದ್ದದ, ತೆಳ್ಳಗಿನ, ದ್ರಾಕ್ಷಾರಸದ ಕೆಂಪಿನ ಮೀನುಗಳು. ಮಲೇಷ್ಯಾ, ಸುಮಾತ್ರಾ, ಬೋರ್ನಿಯೊಗಳ ಜೌಗು ಕಾಡುಗಳಲ್ಲಿ ಇವುಗಳ ವಾಸ. ಅಲ್ಲಿ ನೆಲವೆಂದರೆ ಪೂರ್ತಿ ಕೊಳೆಯದೆ ಮೀಟರುಗಟ್ಟಲೆ ದಪ್ಪಕ್ಕೆ ಪೇರಿಕೊಂಡ ಎಲೆ, ಬೇರು, ಕಾಂಡ. ಅದರೊಳಗಿಂದ ಸೋಸಿ ಬರುವ ನೀರು ಕಾಫಿ ಡಿಕಾಕ್ಷನ್‌ಗೆ ನೀರು ಬೆರೆಸಿದ ಹಾಗೆ ಕಂದು. ಖನಿಜ ಹೆಚ್ಚುಕಡಿಮೆ ಸೊನ್ನೆ. ಪಿಎಚ್ (ಏಳಕ್ಕಿಂತ ಕಡಿಮೆಯಾದಷ್ಟೂ ನೀರು ಹೆಚ್ಚು ಆಮ್ಲೀಯ) ನಾಲ್ಕರ ಆಸುಪಾಸು, ಕೆಲವು ಕಡೆ ಅದಕ್ಕೂ ಕಡಿಮೆ. ಇಷ್ಟು ಆಮ್ಲೀಯ ನೀರಿನಲ್ಲಿ ಬ್ಯಾಕ್ಟೀರಿಯಾ, ಪರಾವಲಂಬಿಗಳ ಆಟ ಹೆಚ್ಚು ನಡೆಯದು. ಮೀನಿನ ಮೈಯೂ ಅಂಥ ನೀರಿಗೇ ತಯಾರಾದದ್ದು.

ಈಗ ಪಾರ್ಸೆಲ್ ವಿಷಯ. ಥರ್ಮಾಕೋಲ್ ಪೆಟ್ಟಿಗೆ, ಒಳಗೆ ಎರಡು ಚೀಲ, ಚೀಲದಲ್ಲಿ ಕಂದು ನೀರು, ಒಂದೊಂದು ಬಾದಾಮಿ ಎಲೆಯ ಚೂರು. ನೋಡುವುದಕ್ಕೆ ಬೋರ್ನಿಯೊದಿಂದಲೇ ಬಂದ ಹಾಗಿತ್ತು. ಮಾರಿದವರು ಮೊದಲೇ ಬರೆದುಕೊಟ್ಟಿದ್ದರು: ಪಿಎಚ್ ಐದು, ಟಿಡಿಎಸ್ (ನೀರಿನಲ್ಲಿ ಕರಗಿರುವ ಉಪ್ಪು, ಖನಿಜಗಳ ಒಟ್ಟು ಲೆಕ್ಕ, ಪಿಪಿಎಂನಲ್ಲಿ) 40. ಟಿಡಿಎಸ್ ಪೆನ್ನು ಅದ್ದಿದರೆ 1,180 ತೋರಿಸಿತು. ಪೆನ್ನೇ ಕೆಟ್ಟಿರಬಹುದು ಅಂದುಕೊಂಡು ನಲ್ಲಿ ನೀರಿಗೆ, ಆರ್‌ಒ ನೀರಿಗೆ ಅದ್ದಿ ನೋಡಿದೆ, ಅಲ್ಲಿ ಸರಿಯಾಗೇ ಇತ್ತು. ಪಿಎಚ್ ಏಳೂವರೆ. ಹನಿ ಹಾಕಿ ಗಡಸು ಅಳೆಯುವ ಜಿಎಚ್ ಕಿಟ್ ಆರನೇ ಹನಿಗೇ ಬಣ್ಣ ತಿರುಗಿತು, ಒಂದು ಹನಿಗೆ ಸುಮಾರು 18 ಪಿಪಿಎಂ ಲೆಕ್ಕದಲ್ಲಿ ಗಡಸುತನದ ಪಾಲು ನೂರರ ಸುಮಾರು. ಹಾಗಾದರೆ ಉಳಿದ ಸಾವಿರ ಏನು? ಉಪ್ಪು. ನನ್ನ ಅನುಮಾನ ಅದರ ಮೇಲೇ ಹೋಯಿತು. ಫೋನಿನಲ್ಲಿ ಕೇಳಿದಾಗ ಅವರೂ ಮುಚ್ಚಿಡಲಿಲ್ಲ. “ಸ್ವಲ್ಪ ಉಪ್ಪು ಹಾಕ್ತೀವಿ ಸರ್, ಒಗ್ಗಿಸೋಕೆ.”

ಈ ‘ಒಗ್ಗಿಸುವುದು’ ಏನು ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಮೋಸ ಇರುವುದು ಇಲ್ಲೇ. ಕೊಕ್ಸಿನಾ ಗುಂಪಿನ ಮೀನುಗಳಿಗೆ ವೆಲ್ವೆಟ್ ರೋಗ ಬಲು ಬೇಗ ತಗಲುತ್ತದೆ. ಅದನ್ನು ತರುವುದು ಪಿಸ್ಸಿನೂಡಿನಿಯಂ ಎಂಬ ಏಕಕೋಶಿ ಪರಾವಲಂಬಿ. ಸಾಗಣೆಯ ಒತ್ತಡ, ಬದಲಾದ ನೀರು, ಒಂದೇ ತೊಟ್ಟಿಯಲ್ಲಿ ನೂರಾರು ಮೀನು, ಇವೆಲ್ಲ ಸೇರಿದರೆ ರೋಗ ಎದ್ದು ಕೂರುತ್ತದೆ. ನೀರಿಗೆ ಉಪ್ಪು ಹಾಕಿದರೆ ಅದು ಅಡಗುತ್ತದೆ, ಸಾಯುವುದಿಲ್ಲ. ಮೀನು ಲವಲವಿಕೆಯಿಂದ ಕಾಣುತ್ತದೆ, ಫೋಟೋಗೆ ಬಣ್ಣ ಬಿಡುತ್ತದೆ, ಮಾರಾಟವಾಗುತ್ತದೆ. ಕೊಂಡವರು ಪುಸ್ತಕದಲ್ಲಿ ಹೇಳಿದ ಹಾಗೆ ಶುದ್ಧ ಮೆದು (ಖನಿಜ ಕಡಿಮೆ ಇರುವ) ನೀರಿಗೆ ಬಿಟ್ಟಾಗ ಅಡಗಿದ್ದು ಮೇಲೆ ಬರುತ್ತದೆ. ಅಷ್ಟರಲ್ಲಿ ಗ್ಯಾರಂಟಿ ಮುಗಿದಿರುತ್ತದೆ. ಕೆಲವರ ಗ್ಯಾರಂಟಿ ಪಾರ್ಸೆಲ್ ಕೈಸೇರಿದ ಎರಡು ಗಂಟೆ ಮಾತ್ರ, ಅದೂ ಪೆಟ್ಟಿಗೆ ಬಿಚ್ಚುವ ವಿಡಿಯೋ ಎಡಿಟ್ ಆಗದೆ ಇದ್ದರೆ.

ಕಂದು ಬಣ್ಣ ನೋಡಿ ಮರುಳಾಗಬೇಡಿ. ಬಾದಾಮಿ ಎಲೆ ನಮ್ಮ ಬೀದಿಗಳಲ್ಲೇ ಉದುರಿ ಬಿದ್ದಿರುತ್ತದೆ. ಒಣಗಿದ ನಾಲ್ಕು ಎಲೆ ಕುದಿಸಿದರೆ ಒಂದು ಡ್ರಮ್ ನೀರಿಗೆ ಬೇಕಾದಷ್ಟು ಬಣ್ಣ ಬರುತ್ತದೆ. ಬಣ್ಣ ಬಂದ ಮಾತ್ರಕ್ಕೆ ನೀರು ಆಮ್ಲೀಯವಾಗುವುದಿಲ್ಲ. ನೀರಿನಲ್ಲಿ ಕಾರ್ಬೊನೇಟ್ ಇದ್ದರೆ ಎಲೆಯ ಆಮ್ಲವನ್ನೆಲ್ಲ ಅದು ನುಂಗಿಬಿಡುತ್ತದೆ, ಪಿಎಚ್ ಇದ್ದಲ್ಲೇ ಇರುತ್ತದೆ. ಬೋರ್‌ವೆಲ್ ನೀರಿಗೆ ಎಲೆ ಹಾಕಿ ‘ಬ್ಲ್ಯಾಕ್ ವಾಟರ್ ಟ್ಯಾಂಕ್’ ಅಂತ ಫೋಟೋ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಚೆಂದ ಕಾಣುತ್ತದೆ, ಬೇಡ ಅನ್ನುವುದಿಲ್ಲ.

ನಾನು ಅವನ್ನು ಮೆದು ನೀರಿಗೆ ಒಮ್ಮೆಲೇ ಬಿಡಲಿಲ್ಲ. ಸಾವಿರದಿಂದ ನಲವತ್ತಕ್ಕೆ ಇಳಿಸಿದರೆ ಆ ಹೊಡೆತಕ್ಕೇ ಸಾಯುತ್ತವೆ. ಬೇರೆ ಟಬ್ಬಿನಲ್ಲಿ ಅದೇ ಉಪ್ಪಿನ ಮಟ್ಟದ ನೀರು ಮಾಡಿ, ದಿನವೂ ಸ್ವಲ್ಪ ಸ್ವಲ್ಪ ಆರ್‌ಒ ನೀರು ಸೇರಿಸುತ್ತಾ ಬಂದೆ. ಸೊಳ್ಳೆ ಮರಿ ಹಾಕಿದರೆ ಹಾರಿ ಬಂದು ತಿನ್ನುತ್ತಿದ್ದವು. (“ಪೆಲೆಟ್ ತಿನ್ನುತ್ತೆ” ಅಂದದ್ದೂ ಸುಳ್ಳು. ಪೆಲೆಟ್ ಕಡೆ ಅವು ತಿರುಗಿಯೂ ನೋಡಲಿಲ್ಲ.) ಟಿಡಿಎಸ್ ಮುನ್ನೂರರ ಹತ್ತಿರ ಬಂದಾಗ ಗಂಡು ಎಲೆಯ ಕೆಳಗಿಂದ ಹೊರಬರುವುದನ್ನು ನಿಲ್ಲಿಸಿತು. ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿತ್ತು, ಕೆಂಪು ಹೋಗಿ ಮಾಸಲು ಕಂದಾಗಿತ್ತು, ಕಿವಿರು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ರಾತ್ರಿ ಕೋಣೆಯ ಲೈಟ್ ಆರಿಸಿ, ಟಾರ್ಚನ್ನು ಮೇಲಿನಿಂದ ಓರೆಯಾಗಿ ಹಿಡಿದೆ. ತಲೆಯ ಹಿಂದಿನಿಂದ ಬೆನ್ನಿನ ರೆಕ್ಕೆಯವರೆಗೆ ಸಣ್ಣ ಚಿನ್ನದ ಪುಡಿ, ಅದೇ ವೆಲ್ವೆಟ್. ನೇರ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ, ಓರೆ ಬೆಳಕಿನಲ್ಲಿ ಮಾತ್ರ ಮಿನುಗುತ್ತದೆ. ಹೆಣ್ಣಿನ ಮೈಮೇಲೆ ಇನ್ನೂ ಹೆಚ್ಚಿತ್ತು, ಮೇಲ್ನೋಟಕ್ಕೆ ಅದು ಚೆನ್ನಾಗೇ ಇತ್ತು.

ಮಾರಿದವರು ಕೊಟ್ಟ ಸಲಹೆ: ತಾಮ್ರದ ಔಷಧಿ ಹಾಕಿ, ಬಾಟಲಿ ಮೇಲೆ ಬರೆದಷ್ಟೇ ಹನಿ. ದಯವಿಟ್ಟು ಇದನ್ನು ಗಮನಿಸಿ. ಗಡಸು ನೀರಿನಲ್ಲಿ ಮೀನು ತಡೆದುಕೊಳ್ಳುವ ತಾಮ್ರ, ಮೆದುವಾದ ಆಮ್ಲೀಯ ನೀರಿನಲ್ಲಿ ಅದೇ ಪ್ರಮಾಣದಲ್ಲಿ ವಿಷವಾಗುತ್ತದೆ. ಬಾಟಲಿಯ ಮೇಲಿನ ಹನಿಯ ಲೆಕ್ಕ ಸಾಮಾನ್ಯ ಟ್ಯಾಂಕಿಗೆ ಬರೆದದ್ದು. ನಾನು ಅದನ್ನು ಮುಟ್ಟದೆ ಮತ್ತೆ ಉಪ್ಪಿಗೆ ಹೋದೆ, ಟಬ್ಬಿಗೆ ಕಪ್ಪು ಬಟ್ಟೆ ಹೊದಿಸಿದೆ. ಈ ಪರಾವಲಂಬಿಗೆ ಬೆಳಕಿನಿಂದಲೂ ಸ್ವಲ್ಪ ಆಹಾರ ಸಿಗುವುದರಿಂದ ಕತ್ತಲಲ್ಲಿ ಅದರ ಬಲ ಕುಗ್ಗುತ್ತದೆ. ಆದರೆ ಕಿವಿರಿನವರೆಗೂ ಹಬ್ಬಿದ್ದರಿಂದ ಏನೂ ನಡೆಯಲಿಲ್ಲ. ಹೆಣ್ಣು ಮೊದಲು ಹೋಯಿತು, ಗಂಡು ಆಮೇಲೆ.

ಆಮೇಲೆ ಮಾರಿದವರ ಜೊತೆ ನಡೆದ ಮಾತುಕತೆಯನ್ನು ಹಾಗೇ ಹಾಕುತ್ತೇನೆ.

“ಸರ್, ನಿಮ್ಮದೇ ವಿಡಿಯೋದಲ್ಲಿ ಮೀನು ಓಡಾಡ್ತಿದೆಯಲ್ಲ?”

“ಓಡಾಡ್ತಿತ್ತು. ರೋಗ ಇತ್ತು. ಇದು ಎಲ್ಲಿಂದ ಬಂದ ಮೀನು?”

“ಇಂಡೋನೇಷ್ಯಾ ಸರ್.”

“ಇಂಡೋನೇಷ್ಯಾದಲ್ಲಿ ಎಲ್ಲಿ?”

“ಕಾಡು ಸರ್.”

ಅದಾದ ಮೇಲೆ ಉತ್ತರ ಬರಲಿಲ್ಲ. ಇದು ನಗುವ ವಿಷಯ ಅಲ್ಲ. ವೈಲ್ಡ್ ಬೆಟ್ಟಾ ಸಾಕುವವರಿಗೆ ‘ಎಲ್ಲಿಯದು’ ಅನ್ನುವುದೇ ಮುಖ್ಯ. ತಿಳಿದು ಮಾರುವವರು ಜಾತಿಯ ಹೆಸರಿನ ಜೊತೆ ಹಿಡಿದ ಊರನ್ನೋ ಹೊಳೆಯನ್ನೋ ಬರೆಯುತ್ತಾರೆ. ಮನೆಯಲ್ಲಿ ಮರಿ ಮಾಡಿದ್ದಾದರೆ ಎಷ್ಟನೇ ತಲೆಮಾರು ಅನ್ನುವುದನ್ನೂ ಹೇಳುತ್ತಾರೆ. ಈ ಗುಂಪಿನಲ್ಲಿ ಒಂದಕ್ಕೊಂದು ಹೋಲುವ ಜಾತಿಗಳು ಬಹಳ. ಕೊಕ್ಸಿನಾ, ಟುಸ್ಸಿಯೇ, ರುಟಿಲಾನ್ಸ್, ಬ್ರೌನೋರಮ್ ಎಲ್ಲ ಕೆಂಪೇ. ಪಕ್ಕೆಯ ಹಸಿರು-ನೀಲಿ ಮಚ್ಚೆ ಒಂದು ಗುರುತು, ಅದೂ ಎಲ್ಲ ಮೀನುಗಳಲ್ಲಿ ಒಂದೇ ರೀತಿ ಇರುವುದಿಲ್ಲ. ಊರು ಗೊತ್ತಿಲ್ಲದ ಮೀನನ್ನು ಇನ್ನೊಂದರ ಜೊತೆ ಜೋಡಿ ಮಾಡಿದರೆ ಬರುವುದು ಯಾವ ಜಾತಿಗೂ ಸೇರದ ಮರಿ.

ಮೈಸೂರಿನ ನನ್ನ ಗೆಳೆಯನಿಗೆ ಆದದ್ದು ಅಂಥದ್ದೇ. ಅವನು ಕೊಂಡದ್ದು ‘ವೈಲ್ಡ್ ಸ್ಮರಾಗ್ಡಿನಾ’. ಅದು ಬೆಟ್ಟಾದ ಇನ್ನೊಂದು ಜಾತಿ. ಹಸಿರು ಹೊಳಪು, ಹಾವಿನ ಚರ್ಮದಂಥ ಕೆನ್ನೆ, ಎಲ್ಲ ಸರಿಯಾಗೇ ಕಾಣುತ್ತಿತ್ತು. ಮರಿಗಳು ಬೆಳೆಯುತ್ತಿದ್ದ ಹಾಗೆ ಕೆಲವಕ್ಕೆ ಬಿಳಿ-ನೀಲಿ ತೇಪೆ ತೇಪೆ ಬಣ್ಣ ಬಂತು. ಅದು ಮಾರ್ಬಲ್, ಸಾಕು ಫೈಟರ್‌ನ ರಕ್ತ. ಸ್ಮರಾಗ್ಡಿನಾ, ಇಂಬೆಲ್ಲಿಸ್, ಮಹಾಚೈಯೆನ್ಸಿಸ್, ಸ್ಪ್ಲೆಂಡೆನ್ಸ್ ಜಾತಿಗಳು ತಮ್ಮತಮ್ಮಲ್ಲಿ ಸುಲಭವಾಗಿ ಬೆರೆಯುತ್ತವೆ. ‘ಏಲಿಯನ್’ ಅಂತ ಮಾರುವ ಹೊಳೆಯುವ ಹಸಿರು, ನೀಲಿ ಬೆಟ್ಟಾಗಳೆಲ್ಲ ಹೀಗೆ ಬೆರೆಸಿ ಮಾಡಿದ್ದು. ಏಲಿಯನ್ ಅಂತಲೇ ಮಾರಿದರೆ ನನ್ನ ತಕರಾರಿಲ್ಲ, ಚೆಂದದ ಮೀನು, ಗಟ್ಟಿ ಕೂಡ. ವೈಲ್ಡ್ ಅಂತ ಮಾರಿ ಮೂರು ಪಟ್ಟು ಬೆಲೆ ಹೇಳುವುದು ವಂಚನೆ. ಕೊಳ್ಳುವ ಮುನ್ನ ಕಿವಿರಿನ ಮುಚ್ಚಳದ ಹತ್ತಿರದ ಫೋಟೋ ಕೇಳಿ. ಕಾಡಿನ ಸ್ಪ್ಲೆಂಡೆನ್ಸ್‌ಗೆ ಅಲ್ಲಿ ಕೆಂಪು ಪಟ್ಟೆ, ಮಹಾಚೈಗೆ ಹಸಿರು-ನೀಲಿಯ ಎರಡು ಉದ್ದ ಪಟ್ಟೆ. ಹಸಿರು ಸ್ಮರಾಗ್ಡಿನಾ ಅಂತ ಹೇಳಿದ ಮೀನಿಗೆ ಕೆನ್ನೆಯಲ್ಲಿ ಕೆಂಪು ಗೆರೆ ಕಂಡರೆ ಅನುಮಾನ ಪಡಿ.

ಇನ್ನು, ನಿಜವಾಗಿ ಕಾಡಿನಲ್ಲೇ ಹಿಡಿದದ್ದು ಅಂತಾದರೆ? ಅದು ನನಗೆ ಇನ್ನೂ ದೊಡ್ಡ ತಲೆನೋವು. ಇಂಡೋನೇಷ್ಯಾ ಸರ್ಕಾರ 1996ರಲ್ಲಿ ಬೋರ್ನಿಯೊದ ಮಧ್ಯ ಕಾಲಿಮಂತಾನ್‌ನಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಭತ್ತದ ಗದ್ದೆ ಮಾಡಲು ಹೊರಟು ಕಾಲುವೆ ಕಡಿಯಿತು. ಭತ್ತ ಬೆಳೆಯಲಿಲ್ಲ. ನೀರು ಬಸಿದು ಒಣಗಿದ ನೆಲಕ್ಕೆ 1997ರಲ್ಲಿ ಬೆಂಕಿ ಬಿದ್ದು ತಿಂಗಳುಗಟ್ಟಲೆ ಉರಿಯಿತು. ಉಳಿದ ಕಡೆ ತಾಳೆ ಎಣ್ಣೆಯ ತೋಟಗಳು. ಈ ಮೀನುಗಳಲ್ಲಿ ಕೆಲವು ಒಂದು ಸಣ್ಣ ಪ್ರದೇಶ ಬಿಟ್ಟರೆ ಬೇರೆಲ್ಲೂ ಇಲ್ಲ. ಮಲೇಷ್ಯಾದ ಜೊಹೊರ್‌ನ ಬೆಟ್ಟಾ ಪರ್ಸೆಫೊನಿ, ಇಂಡೋನೇಷ್ಯಾದ ಬಿಂತಾನ್ ದ್ವೀಪದ ಬೆಟ್ಟಾ ಮಿನಿಯೋಪಿನ್ನಾ, ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯದಲ್ಲಿರುವ ಜಾತಿಗಳು. ಅಂಥ ಕಡೆಯಿಂದ ಹಿಡಿದು ತಂದದ್ದನ್ನು ಉಪ್ಪು ನೀರಿನಲ್ಲಿ ನಿಲ್ಲಿಸಿ, ರೋಗದ ಸಮೇತ ಕೊರಿಯರ್‌ಗೆ ಹಾಕುವುದು ಯಾವ ನ್ಯಾಯ? ಜೀವಂತ ಮೀನು ಆಮದಿಗೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಕ್ವಾರಂಟೈನ್ ಇದೆ. “ಕಾಗದ ತೋರಿಸಿ” ಅಂದ ತಕ್ಷಣ ಫೋನ್ ಎತ್ತದವರನ್ನು ನೀವೂ ಬ್ಲಾಕ್ ಮಾಡಿ.

ಸಾಕಲೇಬೇಕು ಅನ್ನುವವರು ಇಲ್ಲೇ ಮನೆಯಲ್ಲಿ ಮರಿ ಮಾಡಿದವರನ್ನು ಹುಡುಕಿ. ಇಂಬೆಲ್ಲಿಸ್, ಸ್ಮರಾಗ್ಡಿನಾಗಳಿಂದ ಶುರು ಮಾಡಿದರೆ ಒಳ್ಳೆಯದು, ಅವಕ್ಕೆ ಪಿಎಚ್ ನಾಲ್ಕು ಬೇಕಿಲ್ಲ, ಸಾಧಾರಣ ಮೆದು ನೀರು ಸಾಕು. ಅಪ್ಪ-ಅಮ್ಮ ಮೀನುಗಳನ್ನು ಅದೇ ಟ್ಯಾಂಕಿನಲ್ಲಿ ವಿಡಿಯೋ ಕಾಲ್‌ನಲ್ಲಿ ತೋರಿಸಲು ಕೇಳಿ. ತಿನ್ನುವುದನ್ನೂ ನೋಡಿ. ಟ್ಯಾಂಕಿನ ಮುಚ್ಚಳದಲ್ಲಿ ಬೆರಳು ತೂರುವಷ್ಟು ಸಂದಿಯೂ ಇರಬಾರದು, ಇವು ನೀರಿನಿಂದ ಹೊರಗೆ ಜಿಗಿಯುವ ಮೀನುಗಳು. ಮನೆಯ ಆರ್‌ಒ ಯಂತ್ರದಲ್ಲಿ ಖನಿಜ ಸೇರಿಸುವ ಭಾಗ ಇದ್ದರೆ ಅದಕ್ಕಿಂತ ಮೊದಲೇ ನೀರು ಹಿಡಿದುಕೊಳ್ಳಬೇಕು.

ಈಗಾಗಲೇ ದುಡ್ಡು ಕಟ್ಟಿ ಪಾರ್ಸೆಲ್ ದಾರಿಯಲ್ಲಿದ್ದರೆ, ಮಾರಿದವರಿಂದ ಅವರ ತೊಟ್ಟಿಯ ಟಿಡಿಎಸ್ ಮೀಟರಿನ ಫೋಟೋ ಇವತ್ತೇ ತರಿಸಿ, ಅದೇ ಮಟ್ಟದ ನೀರನ್ನು ಒಂದು ಟಬ್ಬಿನಲ್ಲಿ ತಯಾರು ಮಾಡಿಟ್ಟುಕೊಳ್ಳಿ. ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿಹನಿಯಾಗಿ ನೀರು ಬಿಡುವ ಪದ್ಧತಿ ಇಲ್ಲಿ ಅಪಾಯ. ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಹೊಲಸೆಲ್ಲ ಅಮೋನಿಯಂ ರೂಪದಲ್ಲಿ ತೆಪ್ಪಗಿರುತ್ತದೆ. ಗಾಳಿ ತಗುಲಿ ಪಿಎಚ್ ಏರಿದರೆ ಅದು ವಿಷಕಾರಿ ಅಮೋನಿಯಾ ಆಗುತ್ತದೆ. ಪಿಎಚ್ ಆರರಿಂದ ಎಂಟಕ್ಕೆ ಹೋದರೆ ಆ ವಿಷದ ಪಾಲು ಸುಮಾರು ನೂರು ಪಟ್ಟು. ಆದ್ದರಿಂದ ಚೀಲದ ನೀರನ್ನು ಟಬ್ಬಿಗೆ ಸುರಿಯದೆ ಮೀನನ್ನು ಮಾತ್ರ ಬೇಗ ದಾಟಿಸಿ, ಟಿಡಿಎಸ್ ಇಳಿಸುವ ಕೆಲಸಕ್ಕೆ ವಾರಗಳೇ ಹಿಡಿಯಲಿ. ಬಲೆ, ಪೈಪು, ಬಕೆಟ್ ಬೇರೆ ಟ್ಯಾಂಕಿಗೆ ಬಳಸಬೇಡಿ. ರಾತ್ರಿ ಓರೆ ಟಾರ್ಚಿನ ಪರೀಕ್ಷೆ ತಪ್ಪಿಸಬೇಡಿ. ಹೇಗಿದ್ದರೂ ಪೆಟ್ಟಿಗೆ ಬಿಚ್ಚುವ ವಿಡಿಯೋ ಅವರೇ ಕೇಳುತ್ತಾರಲ್ಲ, ಚೀಲದ ನೀರಿಗೆ ಟಿಡಿಎಸ್ ಪೆನ್ನು, ಪಿಎಚ್ ಪೆನ್ನು ಅದ್ದಿ ಅಂಕಿ ಕಾಣುವ ಹಾಗೆ ಅದೇ ವಿಡಿಯೋದಲ್ಲಿ ತೋರಿಸಿ.